ಉಳಿಸಿದ ಕಾಳೂ ಬೆಳೆದ ಕಾಳೇ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಕರೆದಿದ್ದ ವಿಶೇಷ ಮಹಾಸಭೆಯಲ್ಲಿ 'ಆಹಾರ ಪೋಲಾಗುವುದನ್ನು ತಡೆಯುವುದು ಮತ್ತು ಸುಸ್ಥಿರ ಅಭಿವೃದ್ಧಿ' ಎಂಬ ವಿಷಯವಾಗಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಅಧ್ಯಕ್ಷರು ನನಗೆ ಈ ವಿಷಯ ಕೊಟ್ಟಾಗ ಮೊದಲು ಗಾಬರಿ ಆಯಿತು. ನಾನು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ. 'ಸುಸ್ಥಿರ ಅಭಿವೃದ್ಧಿ' ಅನ್ನುವ ಮಾತನ್ನು ಪೇಪರಿನಲ್ಲಿ ನೋಡಿದ್ದೆನೇ ಹೊರತು ಬಾಯಲ್ಲಿ ಆಡಿದವನಲ್ಲ. ನಮ್ಮ ಶಾಲೆಯ ಮೇಷ್ಟ್ರನ್ನು ಕೇಳಿದೆ. ಅವರು, "ಏನಿಲ್ಲಪ್ಪ, ನಾವು ಉಂಡ ಮೇಲೆ ನಮ್ಮ ಮೊಮ್ಮಕ್ಕಳಿಗೂ ನೆಲ, ನೀರು, ಗಾಳಿ ಮಿಕ್ಕಿರಬೇಕು. ಹಂಗೆ ಬಾಳಾಟ ಮಾಡೋದು, ಅಷ್ಟೇ" ಅಂದರು. ಆಗ ನನಗೆ ನಮ್ಮ ಅಜ್ಜಿ ಬಿತ್ತನೆ ರಾಗಿ ಇಡುತ್ತಿದ್ದ ಗುಡಾಣ ನೆನಪಾಯಿತು. ಮನೆಯಲ್ಲಿ ಹಿಟ್ಟಿಗೆ ತಾಪತ್ರಯ ಬಂದಾಗಲೂ ಆ ಗುಡಾಣದ ಬಾಯಿಗೆ ಮೆತ್ತಿದ್ದ ಸಗಣಿಯನ್ನು ಯಾರೂ ಕೆರೆಯುತ್ತಿರಲಿಲ್ಲ. ಬೇರೆಯವರ ಮನೆಗೆ ಸಾಲಕ್ಕೆ ಹೋದರೂ ಸರಿ, ಬಿತ್ತನೆಗೆ ಕೈ ಹಾಕುವ ಹಾಗಿಲ್ಲ. ಮೇಷ್ಟ್ರು ಹೇಳಿದ್ದೂ ಅಜ್ಜಿ ಮಾಡಿದ್ದೂ ಒಂದೇ. ಹಾಗಾಗಿ ಧೈರ್ಯ ಮಾಡಿ ನಾಲ್ಕು ಮಾತು ಹೇಳುತ್ತೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮೊದಲು ಲೋಕದ ಲೆಕ್ಕ ನೋಡೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಒಂದು ವರದಿ ಹೊರತಂದರು. ಅದರ ಪ್ರಕಾರ 2022ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ತಿನ್ನುವವರ ಹತ್ತಿರಕ್ಕೆ ಬಂದ ಮೇಲೂ ಪೋಲಾಗಿದೆ. ಅಂದರೆ ಅಂಗಡಿಗೆ, ಹೋಟೆಲಿಗೆ, ಮನೆಗೆ ಬಂದ ಆಹಾರದಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು. ಹೀಗೆ ಪೋಲಾದ ನೂರು ಸೇರಿನಲ್ಲಿ 60 ಸೇರು ಮನೆಗಳಲ್ಲಿ, 28 ಸೇರು ಹೋಟೆಲು ಮುಂತಾದ ಊಟದ ಜಾಗಗಳಲ್ಲಿ, 12 ಸೇರು ಅಂಗಡಿಗಳಲ್ಲಿ. ಹೊಲಕ್ಕೂ ಅಂಗಡಿಗೂ ನಡುವೆ ಹಾಳಾಗುವುದು ಇದಕ್ಕೆ ಸೇರಿಲ್ಲ, ಅದು ಬೇರೆ. ಅದೇ ವರದಿಯಲ್ಲಿ 78 ಕೋಟಿಗೂ ಹೆಚ್ಚು ಜನ ಹಸಿದಿದ್ದಾರೆ ಅಂತಲೂ ಬರೆದಿದೆ. 2015ರಲ್ಲಿ ವಿಶ್ವಸಂಸ್ಥೆಯ ದೇಶಗಳೆಲ್ಲ ಸೇರಿ 17 ಗುರಿಗಳನ್ನು ಒಪ್ಪಿಕೊಂಡವು. ಅದರಲ್ಲಿ ಹನ್ನೆರಡನೆಯ ಗುರಿಯ ಕೆಳಗೆ, ಅಂಗಡಿ ಮತ್ತು ಮನೆಗಳಲ್ಲಿ ತಲೆಗೆ ಇಷ್ಟು ಅಂತ ಪೋಲಾಗುವ ಆಹಾರವನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕು ಅಂತ ಇದೆ.

"ಇದೆಲ್ಲ ದೊಡ್ಡ ದೇಶಗಳ, ದೊಡ್ಡ ಪಟ್ಟಣಗಳ ವಿಚಾರ, ನಮ್ಮೂರಿಗೇನು?" ಅಂತ ತಾವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಸಂಘದ ಹಳೇ ಪುಸ್ತಕಗಳನ್ನು ಬೆಳ್ಳಿಹಬ್ಬದ ಸಂಚಿಕೆಗೆ ಅಂತ ತಿರುವಿ ಹಾಕುವಾಗ ಒಂದು ಪುಟದಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಅದನ್ನು ತಮ್ಮ ಮುಂದೆ ಹೇಳಲೇಬೇಕು.

2004ರ ಏಪ್ರಿಲ್ ತಿಂಗಳು. ನಮ್ಮೂರಿಗೆ ಆಗ ಹಾಲು ತಣ್ಣಗೆ ಮಾಡುವ ಬಿ.ಎಂ.ಸಿ. ಬಂದಿರಲಿಲ್ಲ. ಬೆಳಿಗ್ಗೆ ಸಾಯಂಕಾಲ ಕ್ಯಾನುಗಳನ್ನು ಲಾರಿಗೆ ಏರಿಸಿ ಕಳಿಸುತ್ತಿದ್ದೆವು. ಒಂದು ದಿನ ಎರಡು ಕ್ಯಾನು, ಎಂಬತ್ತು ಲೀಟರು, ಹುಳಿಯಾಗಿದೆ ಅಂತ ವಾಪಸ್ ಬಂತು. ಸಂಘದ ಹಿಂದಿನ ಚರಂಡಿಗೆ ಸುರಿದರು. ಹುಳಿ ಹಾಲನ್ನು ನೋಡದೆ ಹಾಕಿಸಿಕೊಂಡ ಅಂತ ಆಗಿನ ಟೆಸ್ಟರ್ ಸಂಬಳದಲ್ಲಿ ಏಳುನೂರು ಚಿಲ್ಲರೆ ರೂಪಾಯಿ ಮುರಿದುಕೊಂಡರು. ಪುಸ್ತಕದಲ್ಲಿ ಅಷ್ಟೇ ಬರೆದಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಆ ಹುಳಿ ಹಾಲು ನಮ್ಮ ಮನೆಯದು.

ಹಿಂದಿನ ಸಾಯಂಕಾಲ ಪಕ್ಕದೂರಿನ ಜಾತ್ರೆಗೆ ಹೋಗಿದ್ದೆ, ಹಾಲು ಹಾಕುವ ಹೊತ್ತಿಗೆ ಬರಲಿಲ್ಲ. ಕರೆದಿದ್ದ ನಾಲ್ಕು ಲೀಟರು ಮನೆಯಲ್ಲೇ ಉಳಿಯಿತು. ಬೆಳಿಗ್ಗೆ ಅಮ್ಮ, "ಬ್ಯಾಡ ಕಣಪ್ಪ, ಅದು ವಾಸನೆ ತಿರುಗೈತೆ, ಹೆಪ್ಪು ಹಾಕ್ತೀನಿ ಬಿಡು" ಅಂದರು. ನಾನು ಕೇಳಲಿಲ್ಲ. ನಾಲ್ಕು ಲೀಟರಿನ ದುಡ್ಡು ಯಾಕೆ ಬಿಡಬೇಕು ಅಂತ ಹೊಸ ಹಾಲಿಗೆ ಬೆರೆಸಿ ತಂದು ಹಾಕಿದೆ. ಜನ ಸಾಲುಗಟ್ಟಿ ನಿಂತಿದ್ದರು, ಲಾರಿ ಹಾರನ್ ಹೊಡೆಯುತ್ತಿತ್ತು, ಟೆಸ್ಟರ್‌ಗೆ ಮೂಸಿ ನೋಡುವಷ್ಟು ಪುರಸೊತ್ತು ಇರಲಿಲ್ಲ. ನಾಲ್ಕು ಲೀಟರು ಉಳಿಸಲು ಹೋಗಿ ಎಂಬತ್ತು ಲೀಟರು ಚರಂಡಿ ಪಾಲಾಯಿತು. ಹಾಳು ಮಾಡಿದವನು ನಾನು, ದಂಡ ಕಟ್ಟಿದವರು ಇನ್ನೊಬ್ಬರು. ಆವತ್ತಿನ ಟೆಸ್ಟರ್ ಈವತ್ತು ನಮ್ಮ ಕಾರ್ಯದರ್ಶಿಗಳಾಗಿ ಇದೇ ವೇದಿಕೆ ಮೇಲೆ ಕೂತಿದ್ದಾರೆ. ಹೋದ ವಾರ ಅವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು, "ನನಗೆ ಆವತ್ತೇ ಗುಮಾನಿ ಇತ್ತು, ಬಿಡಿ ಅತ್ಲಾಗೆ" ಅಂತ ನಕ್ಕು ಕಾಫಿ ಕೊಟ್ಟರು. ದುಡ್ಡು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಅದನ್ನು ಸಂಘಕ್ಕೆ ಕಟ್ಟಿ ರಸೀದಿ ತೆಗೆದುಕೊಂಡಿದ್ದೇನೆ. ಸಭೆಯ ಮುಂದೆ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಈ ಕತೆ ಯಾಕೆ ಹೇಳಿದೆ ಅಂದರೆ, ಆಹಾರ ಪೋಲು ಮಾಡುವುದು ಎಲ್ಲ ಕಡೆಯೂ ಹೀಗೇ ನಡೆಯುತ್ತದೆ. ಹಾಳು ಮಾಡುವವರು ಒಬ್ಬರು, ಅದರ ದಂಡ ಕಟ್ಟುವವರು ಇನ್ನೊಬ್ಬರು. ನಾವು ಈವತ್ತು ಚೆಲ್ಲಿದ ಅನ್ನದ ದಂಡವನ್ನು ನಾವು ಕಟ್ಟುವುದಿಲ್ಲ. ನಮ್ಮ ಮೊಮ್ಮಕ್ಕಳು ಕಟ್ಟುತ್ತಾರೆ, ನೀರಿಲ್ಲದ ಕೊಳವೆಬಾವಿಯ ರೂಪದಲ್ಲಿ, ಕಾಲಕ್ಕೆ ಬಾರದ ಮಳೆಯ ರೂಪದಲ್ಲಿ. ಮೇಷ್ಟ್ರು ಹೇಳಿದ ಸುಸ್ಥಿರ ಅಭಿವೃದ್ಧಿ ನನಗೆ ಅರ್ಥವಾದದ್ದು ಹೀಗೆ.

ಆ ಎರಡು ಕ್ಯಾನು ಹೋದ ಮೇಲೆ ನಮ್ಮ ಸಂಘ ಏನು ಮಾಡಿತು ನೋಡಿ. ಪ್ರತಿಯೊಬ್ಬರ ಹಾಲನ್ನೂ ನೋಡಿ, ಮೂಸಿ, ಅಳೆದು, ಲ್ಯಾಕ್ಟೋಮೀಟರ್ ಬಿಟ್ಟು, ಫ್ಯಾಟು ತೆಗೆದು, ಅವರವರ ಹೆಸರಿನ ಮುಂದೆ ಬರೆಯದೆ ಕ್ಯಾನಿಗೆ ಸುರಿಯುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿತು. ಆಮೇಲೆ ಬಿ.ಎಂ.ಸಿ. ಬಂತು. ಕರೆದ ಹಾಲನ್ನು ಬೇಸಿಗೆಯಲ್ಲಿ ಹಾಗೇ ಬಿಟ್ಟರೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಅದನ್ನೇ ಬೇಗ ನಾಲ್ಕು ಡಿಗ್ರಿಗೆ ಇಳಿಸಿದರೆ ಕ್ರಿಮಿಗಳು ಬೆಳೆಯುವುದು ನಿಧಾನವಾಗುತ್ತದೆ, ಟ್ಯಾಂಕರ್ ಬರುವವರೆಗೆ ಹಾಲು ನಿಲ್ಲುತ್ತದೆ. ಹಾಲು ಹೆಚ್ಚಾದ ಕಾಲದಲ್ಲಿ ಒಕ್ಕೂಟದವರು ಅದನ್ನು ಪುಡಿ ಮಾಡಿ ಇಡುತ್ತಾರೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಕುಡಿದದ್ದು ಆ ಪುಡಿಯ ಹಾಲನ್ನೇ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. ಹೆಚ್ಚಾದ ಹಾಲು ಚರಂಡಿಗೆ ಹೋಗದೆ ಮಕ್ಕಳ ಹೊಟ್ಟೆಗೆ ಹೋಯಿತು.

ಅಂದರೆ ಹಾಲಿನ ವಿಷಯದಲ್ಲಿ ನಾವು ಬುದ್ಧಿ ಕಲಿತಿದ್ದೇವೆ. ಕಲಿತದ್ದು ಎರಡೇ ಪಾಠ. ಒಂದು, ಅಳೆದು ಬರೆಯುವುದು. ಎರಡು, ಕೆಡುವುದಕ್ಕೆ ಮೊದಲೇ ಅದಕ್ಕೊಂದು ದಾರಿ ಮಾಡುವುದು. ಒಂದು ತೊಟ್ಟು ಹಾಲು ಚೆಲ್ಲಿದರೆ ಅಯ್ಯೋ ಅನ್ನುತ್ತೇವೆ. ರಾಗಿ, ಟೊಮೆಟೊ, ಅನ್ನದ ವಿಷಯದಲ್ಲಿ ಯಾಕೆ ಹಾಗೆ ಅನ್ನುವುದಿಲ್ಲ? ಎಷ್ಟು ಹೋಯಿತು ಅಂತ ಯಾರೂ ಅಳೆಯುವುದಿಲ್ಲ, ಅದಕ್ಕೆ.

ರಾಗಿಯನ್ನೇ ತೆಗೆದುಕೊಳ್ಳಿ. 2022ರಲ್ಲಿ ನಬಾರ್ಡ್‌ನ ಸಲಹಾ ಸಂಸ್ಥೆಯವರು ಕೊಯ್ಲಿನ ನಂತರ ಏನೆಷ್ಟು ಹಾಳಾಗುತ್ತದೆ ಅಂತ ದೇಶಾದ್ಯಂತ ಅಧ್ಯಯನ ಮಾಡಿದರು. ಧಾನ್ಯದಲ್ಲಿ ನೂರಕ್ಕೆ ಸುಮಾರು 4ರಿಂದ 6 ಪಾಲು, ತರಕಾರಿಯಲ್ಲಿ 5ರಿಂದ 12 ಪಾಲು, ಹಣ್ಣಿನಲ್ಲಿ 6ರಿಂದ 15 ಪಾಲು ಹಾಳಾಗುತ್ತದೆ ಅಂತ ತಿಳಿಯಿತು. ನಮ್ಮ ರೈತನೊಬ್ಬ ಇಪ್ಪತ್ತು ಕ್ವಿಂಟಲ್ ರಾಗಿ ಬೆಳೆದ ಅಂತ ಇಟ್ಟುಕೊಳ್ಳಿ. ನೂರಕ್ಕೆ ಐದರಂತೆ ಹಿಡಿದರೂ ಒಂದು ಕ್ವಿಂಟಲ್ ಹೋಯಿತು. 2025-26ಕ್ಕೆ ಸರ್ಕಾರ ಗೊತ್ತು ಮಾಡಿರುವ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಜೇಬಿನಿಂದ ಐದು ಸಾವಿರ ಬಿದ್ದುಹೋದರೆ ದಾರಿಯುದ್ದ ಹುಡುಕುತ್ತೇವೆ. ಒಂದು ಚೀಲ ರಾಗಿ ಅಷ್ಟಷ್ಟಾಗಿ ಉದುರಿ ಹೋದರೆ ಗೊತ್ತೇ ಆಗುವುದಿಲ್ಲ.

ಎಲ್ಲಿ ಹೋಗುತ್ತದೆ? ತೆನೆ ಅತಿಯಾಗಿ ಒಣಗಿದ ಮೇಲೆ ಕೊಯ್ದರೆ ಹೊಲದಲ್ಲೇ ಉದುರುತ್ತದೆ. ಹಿಂದೆ ಕಣ ಮಾಡಿ, ಸಗಣಿ ಸಾರಿಸಿ, ಗುಂಡು ಕಟ್ಟಿ ಒಕ್ಕಣೆ ಮಾಡುತ್ತಿದ್ದೆವು. ಈಗ ಟಾರು ರಸ್ತೆಯೇ ಕಣ. ಬಸ್ಸು, ಬೈಕಿನ ಚಕ್ರಕ್ಕೆ ಸಿಕ್ಕಿ ಕಾಳು ಅರ್ಧ ಚರಂಡಿಗೆ, ಉಳಿದದ್ದಕ್ಕೆ ಕಲ್ಲು ಮಣ್ಣು. ಬೈಕಿನವರು ಜಾರಿ ಬೀಳುವುದು ಬೇರೆ. ಇನ್ನು ಮಳೆ. 2021ರ ನವೆಂಬರ್ ಯಾರೂ ಮರೆತಿಲ್ಲ. ನಮ್ಮ ಕಡೆಯ ಜಿಲ್ಲೆಗಳಲ್ಲೆಲ್ಲ ಕೊಯ್ಲಿಗೆ ಬಂದ ರಾಗಿ ಮಳೆಗೆ ಸಿಕ್ಕಿ ನೆಲಕಚ್ಚಿತು, ತೆನೆಯಲ್ಲೇ ಮೊಳಕೆ ಬಂತು. ಮಳೆ ನಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಆವತ್ತು ಕೊಯ್ದು ಹಾಕಿದ್ದ ರಾಗಿಗೂ ಹೊದಿಸಲು ಟಾರ್ಪಾಲು ಇಲ್ಲದೆ ಎಷ್ಟು ಮನೆಯವರು ಓಡಾಡಿದೆವು? ಮದುವೆ ಶಾಮಿಯಾನ ಕೇಳಿದರೆ ಹತ್ತು ಕಡೆ ಸಿಗುತ್ತಿತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರು. ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ಒಣಗಿದ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿ ಆಡದ ಕಡೆ ಹುಳ ಬದುಕುವುದಿಲ್ಲ ಅನ್ನುವುದು ಅವರಿಗೆ ಪುಸ್ತಕ ಓದದೆಯೇ ಗೊತ್ತಿತ್ತು. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು ಅನ್ನುವುದೂ ಗೊತ್ತಿತ್ತು. ತೊಗರಿಗೆ ಕೆಮ್ಮಣ್ಣು ಕಟ್ಟಿ ಇಡುತ್ತಿದ್ದರು, ಕಾಳಿನ ನಡುವೆ ಬೇವಿನ ಸೊಪ್ಪು ಹಾಕುತ್ತಿದ್ದರು. ಬರ ಬಂದರೆ ಆ ಹಗೇವೇ ಊರನ್ನು ಕಾಯುತ್ತಿತ್ತು. ಈಗ ಮತ್ತೆ ಹಗೇವು ತೋಡಿ ಅಂತ ನಾನು ಹೇಳುವುದಿಲ್ಲ. ಕಾಳನ್ನು ತೇವಾಂಶ ನೂರಕ್ಕೆ 12ಕ್ಕೆ ಇಳಿಯುವವರೆಗೆ ಒಣಗಿಸಿ, ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿ. ಇದಕ್ಕೆ ಖರ್ಚಿಲ್ಲ, ಮನಸ್ಸು ಬೇಕು ಅಷ್ಟೆ. ಬೆಂಬಲ ಬೆಲೆಗೆ ಕೊಂಡುಕೊಳ್ಳುವ ಕಡೆಯೂ ಅದೇ 12ರ ತೇವಾಂಶ ಕೇಳುತ್ತಾರೆ. ಹಸಿ ರಾಗಿ ತೆಗೆದುಕೊಂಡು ಹೋಗಿ ದಿನವೆಲ್ಲ ಕಾದು ವಾಪಸ್ ಬರುವುದು ತಪ್ಪುತ್ತದೆ.

ಟೊಮೆಟೊ ಕತೆ ಇನ್ನೊಂದು. ಕೋಲಾರದ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ಎಲ್ಲರೂ ಕಂಡಿದ್ದೇವೆ. ಬಾಡಿಗೆ, ಕೂಲಿಯೂ ಹುಟ್ಟದೆ ರಸ್ತೆ ಪಕ್ಕಕ್ಕೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಒಬ್ಬನಿಗೆ ರೇಟು ಬಂತು ಅಂತ ಊರಿಗೆ ಊರೇ ಅದನ್ನೇ ನೆಡುತ್ತದೆ. ಎಲ್ಲರದೂ ಒಂದೇ ವಾರ ಹಣ್ಣಾಗುತ್ತದೆ. ಟೊಮೆಟೊ ಹಾಲಿನ ಹಾಗೆ, ಕಾಯುವುದಿಲ್ಲ. ಆದರೆ ಅದಕ್ಕೆ ಹಾಲಿಗಿರುವ ಹಾಗೆ ಪುಡಿ ಮಾಡುವ ಮನೆ ಊರ ಹತ್ತಿರ ಇಲ್ಲ, ತಣ್ಣಗಿಡುವ ಜಾಗ ಇಲ್ಲ. ರಸ್ತೆಗೆ ಸುರಿದ ರೈತನನ್ನು ನಾನು ಬೈಯುವುದಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ. ದಾರಿ ಮಾಡಿಕೊಡುವುದು ಒಬ್ಬ ರೈತನಿಂದ ಆಗುವ ಕೆಲಸವೂ ಅಲ್ಲ. ಅದಕ್ಕೇ ಸಹಕಾರ ಸಂಘ ಅಂತ ಇರುವುದು. ಯಾರು ಯಾವಾಗ ಎಷ್ಟು ನೆಡುತ್ತಾರೆ ಅಂತ ಒಂದು ಪುಸ್ತಕದಲ್ಲಿ ಬರೆದರೆ, ಹದಿನೈದು ದಿನ ಹಿಂದು ಮುಂದು ಮಾಡಿ ನೆಟ್ಟರೆ, ಅಷ್ಟರ ಮಟ್ಟಿಗಾದರೂ ಸುರಿಯುವುದು ತಪ್ಪುತ್ತದೆ.

ಇನ್ನು ನಮ್ಮ ಮದುವೆ, ದೇವರು, ಬೀಗರೂಟ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2012ರ ಸುಮಾರಿಗೆ ಅಲ್ಲಿನ ಕಲ್ಯಾಣ ಮಂಟಪಗಳನ್ನು ಸುತ್ತಿ ಲೆಕ್ಕ ಹಾಕಿದರು. ಬೆಂಗಳೂರು ಒಂದರಲ್ಲೇ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಪೋಲಾಗುತ್ತದೆ ಅಂತ ಬಂತು. ನಾವು ಹಳ್ಳಿಯವರು ಕಮ್ಮಿ ಏನಿಲ್ಲ. ಹಿಂದೆ ಮದುವೆಗೆ ಎರಡು ಬಗೆ ಇದ್ದರೆ ಹೆಚ್ಚು. ಈಗ ಎಲೆಯ ತುಂಬ ಇಪ್ಪತ್ತು ಬಗೆ. ಕೈ ಅಡ್ಡ ಹಿಡಿದು "ಬೇಡ ಬೇಡ" ಅಂದರೂ ಬೆರಳ ಸಂದಿಯಲ್ಲಿ ಬಡಿಸುವುದೇ ಮರ್ಯಾದೆ ಅಂತ ತಿಳಿದಿದ್ದೇವೆ. ಮದುವೆ ಮಾಡಿದವನು ಸಾಲದ ಕಂತು ಕಟ್ಟುತ್ತಲೇ ಇರುತ್ತಾನೆ, ಆ ಸಾಲದಲ್ಲಿ ಕೊಂಡ ಅಕ್ಕಿ ಗುಂಡಿಯಲ್ಲಿ ಕೊಳೆತು ಎಷ್ಟೋ ದಿನವಾಗಿರುತ್ತದೆ.

ಒಂದು ಕೆ.ಜಿ. ಅಕ್ಕಿ ಬೆಳೆಯಲು, ಮಳೆ ನೀರೂ ಸೇರಿ, ಸುಮಾರು 2,500 ಲೀಟರ್ ನೀರು ಬೇಕು ಅಂತ ಬಲ್ಲವರು ಹೇಳುತ್ತಾರೆ. ಒಂದು ಮದುವೆಯಲ್ಲಿ ಇಪ್ಪತ್ತು ಕೆ.ಜಿ. ಅಕ್ಕಿಯ ಅನ್ನ ಗುಂಡಿಗೆ ಹೋದರೆ 50 ಸಾವಿರ ಲೀಟರ್ ನೀರು ಹೋದ ಹಾಗೆ. ಐದು ಸಾವಿರ ಲೀಟರಿನ ಹತ್ತು ಟ್ಯಾಂಕರು! ನಮ್ಮ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ನೀರಿನ ಟ್ಯಾಂಕರ್ ಬಂದರೆ ಬಿಂದಿಗೆಗೆ ಬಿಂದಿಗೆ ತಾಗಿಸಿ ಜಗಳ ಆಡುವ ನಾವು ಈ ಹತ್ತು ಟ್ಯಾಂಕರನ್ನು ನಗುನಗುತ್ತಾ ಸುರಿದು ಬರುತ್ತೇವೆ. ನೀರಿನ ಜೊತೆಗೆ ಗೊಬ್ಬರ, ಡೀಸೆಲ್, ಕರೆಂಟು, ಕೂಲಿಯವರ ಬೆವರು ಎಲ್ಲ ಹೋಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ಅನ್ನ ಗುಂಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಮೀಥೇನ್ ಅನ್ನುವ ಅನಿಲ ಹೊರಡುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಅದೇ. ಒಲೆಯಲ್ಲಿ ಉರಿದರೆ ಉಪಕಾರ, ಉರಿಯದೆ ಆಕಾಶಕ್ಕೆ ಹೋದರೆ ಭೂಮಿಯ ಬಿಸಿ ಏರಿಸುತ್ತದೆ. ಭೂಮಿಯ ಬಿಸಿ ಏರಿಸುವ ಅನಿಲಗಳಲ್ಲಿ ನೂರಕ್ಕೆ 8ರಿಂದ 10 ಪಾಲು ಹೀಗೆ ಹಾಳಾದ ಆಹಾರದಿಂದಲೇ ಬರುತ್ತದೆ ಅಂತ ಆ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಬಿಸಿ ಏರಿದರೆ ಮಳೆಯ ಕಾಲ ತಪ್ಪುತ್ತದೆ. ಕಾಲ ತಪ್ಪಿದ ಮಳೆ ಕೊಯ್ಲಿಗೆ ಬಂದ ಬೆಳೆ ಮೇಲೆ ಸುರಿದರೆ ಏನಾಗುತ್ತದೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

"ಮಿಕ್ಕಿದ್ದನ್ನು ಹಸುಗೆ ಹಾಕಿದರಾಯ್ತು, ಪೋಲು ಎಲ್ಲಿ ಬಂತು?" ಅಂತ ಕೆಲವರು ಕೇಳುತ್ತಾರೆ. ಹಾಲಿನ ಸಂಘದ ಸದಸ್ಯರಾದ ನಾವು ಈ ಮಾತು ಆಡಲೇಬಾರದು. ಹಬ್ಬ, ಮದುವೆ ಆದ ಮಾರನೇ ದಿನ ಪಶುವೈದ್ಯರಿಗೆ ಯಾಕೆ ಅಷ್ಟು ಫೋನು ಹೋಗುತ್ತದೆ? ಒಂದೇ ಸಲ ಬಕೆಟ್ಟುಗಟ್ಟಲೆ ಅನ್ನ, ಪಾಯಸ, ಹೋಳಿಗೆ ತಿಂದರೆ ಹಸುವಿನ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹಾಲು ಇಳಿಯುತ್ತದೆ. ಹೆಚ್ಚಾದರೆ ಹಸುವೇ ಹೋಗುತ್ತದೆ. ಸೊಪ್ಪು, ತರಕಾರಿ ಸಿಪ್ಪೆ ಹಾಕಿ, ಬೇಡ ಅನ್ನುವುದಿಲ್ಲ. ಮಿಕ್ಕ ಅನ್ನಕ್ಕೆ ಗೋಬರ್ ಗ್ಯಾಸ್ ಗುಂಡಿ ಇದೆ, ಗೊಬ್ಬರದ ಗುಂಡಿ ಇದೆ. ಎಲ್ಲಕ್ಕಿಂತ ಮೇಲು, ಮಿಗದ ಹಾಗೆ ಅಡಿಗೆ ಮಾಡುವುದು.

ಮನೆಯ ವಿಷಯ ತಾಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ರಾತ್ರಿ ಮಿಕ್ಕ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟು ನಮ್ಮನ್ನು ಸಾಕಿದವರು ನೀವು. ಹೇಳಬೇಕಾಗಿರುವುದು ಗಂಡಸರಿಗೆ. ಊಟಕ್ಕೆ ಬರುತ್ತೇನೆ ಅಂತ ಹೇಳಿ ಹೋಗಿ ಟೌನಿನಲ್ಲಿ ತಿಂದು ಬರುವವರು ನಾವೇ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ನನ್ನ ಮನೆಯವರು ಅಲ್ಲಿ ಕೂತು ನಗುತ್ತಿದ್ದಾರೆ.

ಮಾತು ಉದ್ದವಾಯಿತು, ಮುಗಿಸುತ್ತೇನೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಅಂತ ತೋರಿಸಿದ ಊರು ಅದು. 2025ನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಹಕಾರ ವರ್ಷ ಅಂತ ಸಾರಿದೆ. ಅದೇ ವರ್ಷ ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದೆ. ಈ ಸಂದರ್ಭದಲ್ಲಿ ನಾನು ಮಹಾಸಭೆಯ ಮುಂದೆ ಮೂರು ಸಲಹೆ ಇಡುತ್ತೇನೆ.

ಒಂದು, ಸಂಘದಿಂದ ದೊಡ್ಡ ಟಾರ್ಪಾಲುಗಳನ್ನೂ ತೇವಾಂಶ ಅಳೆಯುವ ಒಂದು ಮೀಟರನ್ನೂ ಕೊಂಡು, ಒಕ್ಕಣೆ ಕಾಲದಲ್ಲಿ ಸದಸ್ಯರಿಗೆ ಸರದಿ ಮೇಲೆ ಕೊಡುವುದು. ಎರಡು, ತರಕಾರಿ ನೆಡುವ ಸದಸ್ಯರ ನಾಟಿ ಪುಸ್ತಕ ಇಡುವುದು. ಹಾಲು ಬರೆಯುವ ಕೈಗೆ ಅದು ಭಾರವಲ್ಲ.

ಮೂರನೆಯದು ನಮ್ಮ ಬೆಳ್ಳಿಹಬ್ಬದ ಊಟ. ಮುಂದಿನ ತಿಂಗಳು ಸಮಾರಂಭದ ದಿನ ಎಲ್ಲ ಸದಸ್ಯರಿಗೂ ಸಂಘದ ಊಟ ಇದೆ. ಅದನ್ನು ಅಳೆದು ಮಾಡೋಣ. ಮನೆಗೆ ಎಷ್ಟು ಜನ ಬರುತ್ತಾರೆ ಅಂತ ಮೂರು ದಿನ ಮುಂಚೆ ಹಾಲು ಹಾಕುವಾಗಲೇ ಬರೆಸಿ. ಬಗೆ ಐದೇ ಸಾಕು. ಮೊದಲ ಸಲ ಕಮ್ಮಿ ಬಡಿಸಿ, ಕೇಳಿದವರಿಗೆ ಎಷ್ಟು ಸಲ ಬೇಕಾದರೂ ಬಡಿಸೋಣ. ಹೊಟ್ಟೆ ತುಂಬದೆ ಯಾರೂ ಏಳಬಾರದು, ಎಲೆಯಲ್ಲಿ ಏನೂ ಉಳಿಯಬಾರದು. ಪಾತ್ರೆಯಲ್ಲಿ ಮಿಕ್ಕ, ಕೈ ತಾಗದ ಅಡಿಗೆಯನ್ನು ಬಿಸಿ ಆರುವ ಮೊದಲೇ ವಿದ್ಯಾರ್ಥಿ ನಿಲಯಕ್ಕೆ ತಲುಪಿಸುವ ಜವಾಬ್ದಾರಿ ನನ್ನದು, ಗಾಡಿಯೂ ನನ್ನದೇ. ಕೊನೆಗೆ ಎಲೆಗಳಲ್ಲಿ ಉಳಿದದ್ದನ್ನು ಹಾಲಿನ ತಕ್ಕಡಿಯಲ್ಲಲ್ಲ, ಬೇರೆ ತಕ್ಕಡಿಯಲ್ಲಿ ತೂಗಿ, ಎಷ್ಟು ಕೆ.ಜಿ. ಅಂತ ಸಂಘದ ಬೋರ್ಡಿನ ಮೇಲೆ ಬರೆಯೋಣ. ಯಾರನ್ನೂ ನಾಚಿಸುವುದಕ್ಕಲ್ಲ, ಮುಂದಿನ ವರ್ಷ ಅದಕ್ಕಿಂತ ಕಮ್ಮಿ ಬರೆಯುವುದಕ್ಕೆ.

ಆವತ್ತು ಎಂಬತ್ತು ಲೀಟರು ಚರಂಡಿಗೆ ಸುರಿದದ್ದನ್ನು ನಾನು ದೂರದಿಂದ ನೋಡುತ್ತಾ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಮ್ಮ ಹೇಳಿದಂತೆ ಹೆಪ್ಪು ಹಾಕಿದ್ದರೆ ನಾಲ್ಕು ಲೀಟರು ಮೊಸರಾಗುತ್ತಿತ್ತು, ಮಜ್ಜಿಗೆಯಾಗುತ್ತಿತ್ತು, ಕೇರಿಯವರೆಲ್ಲ ಕುಡಿಯುತ್ತಿದ್ದರು. ಬೆಳೆಯುವುದನ್ನು ಕಲಿತ ನಾವು ಉಳಿಸುವುದನ್ನೂ ಕಲಿಯೋಣ. ಉಳಿಸಿದ ಕಾಳಿಗೆ ಮಳೆ ಬೇಕಾಗಿಲ್ಲ, ಗೊಬ್ಬರ ಬೇಕಾಗಿಲ್ಲ, ಸಾಲ ಬೇಕಾಗಿಲ್ಲ. ಅದೂ ನಾವು ಬೆಳೆದ ಕಾಳೇ.